ಎರಡು ಟ್ಯೂನರ್, ಏಳು ರೆಕಾರ್ಡಿಂಗ್: ಕೊಡಗಿನ ಮಳೆಯಲ್ಲಿ ನನ್ನ ಅನುಭವ

ಡಿಶ್ಶಿನ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡುವ ಟ್ಯೂನರ್ ಎರಡೇ ಇದ್ದರೂ ಒಂದೇ ಸಲಕ್ಕೆ ಏಳು ಟಿವಿ ಚಾನೆಲ್ ರೆಕಾರ್ಡ್ ಮಾಡಬಹುದು ಅಂದಾಗ ನಮ್ಮ ಪೇಟೆಯಲ್ಲಿ ಡಿಶ್ ಕೂರಿಸುವವರು ನಕ್ಕರು. "ಏಳು ಚಾನೆಲ್ಲಿಗೆ ಏಳು ಬಾಕ್ಸ್ ಬೇಕು ಮಾರಾಯ್ರೆ" ಅಂದರು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವನದ್ದು ಬೇರೆ ರಾಗ. ಈ ಕಾಲದಲ್ಲಿ ಟಿವಿ ಯಾರು ರೆಕಾರ್ಡ್ ಮಾಡ್ತಾರೆ, ಎಲ್ಲ ಯೂಟ್ಯೂಬಲ್ಲಿ ಇದೆಯಲ್ಲ ಅಂತ. ನಮ್ಮ ಮನೆ ನಾಪೋಕ್ಲು ಕಡೆ, ತೋಟದ ಒಳಗೆ. ಕಾಫಿ ಕಣದ ಮೂಲೆಗೆ ಹೋಗಿ ನಿಂತರೆ ಮೊಬೈಲಿಗೆ ಎರಡು ಕಡ್ಡಿ ಬರುತ್ತದೆ, ಒಳಗೆ ಬಂದರೆ ಅದೂ ಇಲ್ಲ. ಹಾಗಾಗಿ ಯೂಟ್ಯೂಬಿನ ಮಾತು ಅಲ್ಲಿಗೇ ಮುಗಿಯಿತು. ಈಗ ಮಳೆಗಾಲವನ್ನೂ ದಾಟಿ ಸಿಸ್ಟಮ್ ಓಡುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದೆಲ್ಲ ಡಿಡಿ ಫ್ರೀ ಡಿಶ್‌ನ ಉಚಿತ ಚಾನೆಲ್‌ಗಳ ವಿಷಯ. ಪೇ ಚಾನೆಲ್ ಬಗ್ಗೆ ಕೇಳಬೇಡಿ. ಅದು ಬೀಗ ಹಾಕಿದ ಸಿಗ್ನಲ್, ಆ ದಾರಿಗೆ ನಾನು ಹೋಗಿಲ್ಲ. ನಮ್ಮ ಮನೆಗೆ ಬೇಕಾದ್ದು ಫ್ರೀಯಲ್ಲೇ ಇದೆ. ಅಮ್ಮನಿಗೆ ಚಂದನ, ಅಣ್ಣನಿಗೆ ಡಿಡಿ ಸ್ಪೋರ್ಟ್ಸ್‌ನ ಹಾಕಿ, ಅತ್ತಿಗೆ ಕಣ್ಣೂರಿನವರು ಆದ್ದರಿಂದ ಡಿಡಿ ಮಲಯಾಳಂ, ನನಗೆ ಡಿಡಿ ಭಾರತಿಯ ಸಂಗೀತ. ಕಾಫಿ ಕೊಯ್ಲಿನ ಸಮಯದಲ್ಲಿ ಇದ್ಯಾವುದನ್ನೂ ಆ ಹೊತ್ತಿಗೆ ಕೂತು ನೋಡುವುದು ಸಾಧ್ಯವಿಲ್ಲ. ರಾತ್ರಿ ಒಂಬತ್ತಕ್ಕೆ ಲೆಕ್ಕ ಮುಗಿಸಿ ಊಟಕ್ಕೆ ಕೂತಾಗ ಎಲ್ಲರದ್ದೂ ಮುಗಿದಿರುತ್ತದೆ.

ದುಡ್ಡು ಮೊದಲು ಹೋದದ್ದು ಎಲ್ಲಿ ಅಂದರೆ ಕ್ಯಾಪ್ಚರ್ ಸ್ಟಿಕ್ಕಿನಲ್ಲಿ. ಸೆಟ್‌ಟಾಪ್ ಬಾಕ್ಸಿನ ಮೂರು ಬಣ್ಣದ ವೈರ್ ತಂದು ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಕಡ್ಡಿ, ಎಂಟುನೂರೋ ಒಂಬೈನೂರೋ ಕೊಟ್ಟೆ. ಚಿತ್ರ ಮಂಕು. ಅರ್ಧ ಗಂಟೆ ಆದ ಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಬೇಕಾದ್ದರಿಂದ ಪ್ರೊಸೆಸರ್ ಪೂರ್ತಿ ಲೋಡಿಗೆ ಹೋಗಿ ಫ್ಯಾನ್ ಕೂಗುತ್ತಿತ್ತು. ಅಷ್ಟಾದರೂ ಒಂದು ಬಾಕ್ಸಿಗೆ ಒಂದೇ ಚಾನೆಲ್. ಹೀಗೇ ಹೋಗೋಣ ಅಂತ ಇನ್ನೆರಡು ಬಾಕ್ಸ್ ತಂದೆ, ಒಂದೊಂದಕ್ಕೆ ಸಾವಿರದ ಇನ್ನೂರರ ಹತ್ತಿರ. ಅವು ಈಗ ಕೂಲಿಯವರ ಲೈನ್ ಮನೆಯಲ್ಲಿ ಚೆನ್ನಾಗಿ ಉಪಯೋಗ ಆಗುತ್ತಿವೆ.

ಆಮೇಲೆ ಯುಎಸ್‌ಬಿ ಡಿವಿಬಿ-ಎಸ್2 (ಸ್ಯಾಟಲೈಟ್ ಟಿವಿಯ ಡಿಜಿಟಲ್ ಸಿಗ್ನಲ್) ಟ್ಯೂನರ್, ಮೂರೂವರೆ ಸಾವಿರ. ಚಿತ್ರ ಬಾಕ್ಸಿನಷ್ಟೇ ಚೊಕ್ಕ. ಆದರೆ ಜೊತೆಗೆ ಬಂದ ವಿಂಡೋಸ್ ಸಾಫ್ಟ್‌ವೇರ್ ನೋಡುತ್ತಿರುವ ಚಾನೆಲ್ ಮಾತ್ರ ರೆಕಾರ್ಡ್ ಮಾಡುತ್ತಿತ್ತು. ಅದರ ಲಾಗ್ ಫೈಲ್ ನೋಡುವಾಗ ನನಗೆ ವಿಷಯ ಹೊಳೆದದ್ದು: ಟ್ಯೂನರ್ ಒಂದು ಚಾನೆಲ್ ಹಿಡಿಯುವುದೇ ಇಲ್ಲ, ಇಡೀ ಟ್ರಾನ್ಸ್‌ಪಾಂಡರ್ ಹಿಡಿಯುತ್ತದೆ. ಟ್ರಾನ್ಸ್‌ಪಾಂಡರ್ ಅಂದರೆ ಹಲವು ಚಾನೆಲ್ ಒಟ್ಟಿಗೆ ಹೊತ್ತು ತರುವ ಒಂದು ಬಸ್ ಇದ್ದ ಹಾಗೆ, ಬಸ್ ಮನೆ ಮುಂದೆ ಬಂದು ನಿಂತಾಗಿದೆ, ಒಬ್ಬರನ್ನು ಇಳಿಸಿಕೊಳ್ಳುತ್ತೀರೋ ಹತ್ತು ಜನರನ್ನೋ ನಿಮಗೆ ಬಿಟ್ಟದ್ದು. ಹಾಗಾಗಿ ಎಣಿಸಬೇಕಾದ್ದು ಚಾನೆಲ್ ಅಲ್ಲ, ಟ್ರಾನ್ಸ್‌ಪಾಂಡರ್. ನಮಗೆ ಬೇಕಾದ ಚಾನೆಲ್‌ಗಳು ಎಷ್ಟು ಟ್ರಾನ್ಸ್‌ಪಾಂಡರಿನಲ್ಲಿ ಹಂಚಿಹೋಗಿವೆಯೋ ಅಷ್ಟು ಟ್ಯೂನರ್ ಸಾಕು.

ಲೆಕ್ಕ ಹೀಗೆ. ಸಿಂಬಲ್ ರೇಟ್ (ಸಿಗ್ನಲ್ಲಿನ ವೇಗ) 29500, ಎಫ್‌ಇಸಿ (ತಪ್ಪು ತಿದ್ದಲು ಸೇರಿಸುವ ಹೆಚ್ಚುವರಿ ಬಿಟ್ಟುಗಳ ಲೆಕ್ಕ) 3/4 ಇದ್ದರೆ ಇಡೀ ಟ್ರಾನ್ಸ್‌ಪಾಂಡರ್ ಸೆಕೆಂಡಿಗೆ 40 ಮೆಗಾಬಿಟ್ ಚಿಲ್ಲರೆ. ಎಲ್ಲವನ್ನೂ ಹಾಗೇ ಡಿಸ್ಕಿಗೆ ಸುರಿದರೆ ಗಂಟೆಗೆ 18 ಜಿಬಿ. ಒಂದೇ ಚಾನೆಲ್ ಆದರೆ ಗಂಟೆಗೆ ಒಂದು, ಒಂದೂಕಾಲು ಜಿಬಿ. ಬಂದದ್ದನ್ನು ಬಂದ ಹಾಗೇ ಬರೆಯುವುದರಿಂದ ಪ್ರೊಸೆಸರಿಗೆ ಕೆಲಸವೇ ಇಲ್ಲ. ಮೈಸೂರಲ್ಲಿ ಆಫೀಸಿನವರು ಮಾರಿದ ಹಳೆ ಐ3 ಕಂಪ್ಯೂಟರ್ ತಂದೆ, ಐದೂವರೆ ಸಾವಿರ. ಏಳು ರೆಕಾರ್ಡಿಂಗ್ ಓಡುವಾಗಲೂ ಅದು ಐದಾರು ಪರ್ಸೆಂಟ್ ದಾಟುವುದಿಲ್ಲ. ಭಾವ ಬಂದಾಗ ಅದನ್ನೇ ಮೊದಲು ತೋರಿಸಿದೆ, ಕಾಫಿ ಕೊಡುವ ಮೊದಲೇ.

ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್, ಅದರ ಮೇಲೆ ರೆಕಾರ್ಡ್ ಮಾಡುವ ಟಿವಿಹೆಡ್ಎಂಡ್, ಟಿವಿಯ ಹತ್ತಿರ ಅದನ್ನು ನೋಡಲು ಕೋಡಿ. ಕಂಪ್ಯೂಟರಿನ ಒಳಗೆ ಕೂರುವ, ಎರಡು ಟ್ಯೂನರಿನ ಪಿಸಿಐಇ ಕಾರ್ಡ್ ಹೊರಗಿಂದ ತರಿಸಿದೆ, ಕಸ್ಟಮ್ಸ್ ಸೇರಿ ಹನ್ನೊಂದು ಸಾವಿರದ ಆಸುಪಾಸು. ಎಲ್ಲಿಂದ, ಯಾವ ಕಂಪನಿಯದ್ದು ಅಂತ ಸದ್ಯಕ್ಕೆ ಹೇಳುವುದಿಲ್ಲ, ಇನ್ನೊಂದು ನನಗೇ ಬೇಕು. ಒಂದು ಎಚ್ಚರ: ಇಂಥ ಕಾರ್ಡುಗಳ ಡ್ರೈವರ್ ಕರ್ನಲ್ (ಲಿನಕ್ಸಿನ ತಿರುಳು) ಜೊತೆ ಬರದಿದ್ದರೆ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಂಪೈಲ್ ಮಾಡಬೇಕು. ನಾನು ಕರ್ನಲ್ ಅಪ್‌ಡೇಟನ್ನೇ ನಿಲ್ಲಿಸಿಬಿಟ್ಟಿದ್ದೇನೆ. ಸರಿಯಲ್ಲ ಅನ್ನುವವರು ಅನ್ನಲಿ, ಮಿಷನ್ ಹೊರಗಿನ ನೆಟ್‌ವರ್ಕಿಗೆ ಸಿಕ್ಕುವುದೇ ಅಪರೂಪ.

ಎರಡು ಟ್ಯೂನರ್ ಅಂದ ಕೂಡಲೇ ಎಲ್ಲರೂ ಟ್ವಿನ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ, ಎರಡು ಹೊರದಾರಿಯದ್ದು), ಎರಡು ಕೇಬಲ್ ಅನ್ನುತ್ತಾರೆ. ಬೇಡ. ಜಿಸ್ಯಾಟ್-15 ಸ್ಯಾಟಲೈಟಿನಲ್ಲಿ ಫ್ರೀ ಡಿಶ್ ಬರುವುದೆಲ್ಲ ವರ್ಟಿಕಲ್ (ಅಲೆ ನೆಟ್ಟಗೆ), ಎಲ್ಲವೂ ಲೋ ಬ್ಯಾಂಡ್ (ಕೆಳಗಿನ ಫ್ರೀಕ್ವೆನ್ಸಿ). ಯಾವ ಸಿಗ್ನಲ್ ಬೇಕು ಅಂತ ಟ್ಯೂನರ್ ಎಲ್‌ಎನ್‌ಬಿಗೆ ಹೇಳುವುದು ವೋಲ್ಟೇಜ್ ಮತ್ತು ಟೋನಿನಿಂದ. ಇಲ್ಲಿ 13 ವೋಲ್ಟ್, ಟೋನ್ ಇಲ್ಲ, ಯಾವ ಟ್ಯೂನರ್ ಕೇಳಿದರೂ ಅದೇ. ಹಾಗಾಗಿ ಸಾದಾ ಯೂನಿವರ್ಸಲ್ ಎಲ್‌ಎನ್‌ಬಿ, ಒಂದೇ ಕೇಬಲ್, ಕಂಪ್ಯೂಟರಿನ ಹಿಂದೆ ಒಂದು ಸ್ಪ್ಲಿಟರ್. ಕೇಬಲ್ ಟಿವಿಯ ಸ್ಪ್ಲಿಟರ್ ಹಾಕಬೇಡಿ, ಅದು 1000 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ. ನಮ್ಮ ಒಂದು ಟ್ರಾನ್ಸ್‌ಪಾಂಡರಿನ 11090 ಮೆಗಾಹರ್ಟ್ಸ್ ಎಲ್‌ಎನ್‌ಬಿಯಲ್ಲಿ ಇಳಿದು ಕೇಬಲ್ಲಿಗೆ ಬರುವುದೇ 1340ಕ್ಕೆ. ಸ್ಯಾಟಲೈಟ್ ಸ್ಪ್ಲಿಟರ್ ಇನ್ನೂರೈವತ್ತು ರೂಪಾಯಿ, ಎರಡನೇ ಕೇಬಲ್ಲಿನ ಖರ್ಚು ಪೂರ್ತಿ ಉಳಿಯಿತು.

ಇಲ್ಲೇ ಒಂದು ತಲೆನೋವು ಬಂತು. ರಾತ್ರಿ ಎಂಟೂವರೆಗೆ ಚಂದನದ ರೆಕಾರ್ಡಿಂಗ್ ಮುಗಿಯುತ್ತಿತ್ತು, ಸರಿಯಾಗಿ ಆಗಲೇ ಹಾಕಿ ಮ್ಯಾಚೂ ಕಪ್ಪಾಗುತ್ತಿತ್ತು. ಮೂರನೇ ಕ್ವಾರ್ಟರ್, ಪೆನಾಲ್ಟಿ ಕಾರ್ನರ್, ಬಾಲ್ ತಳ್ಳಿದರು, ಅಷ್ಟೇ. ಫೈಲ್ ಇದೆ, ಒಳಗೆ ಏನೂ ಇಲ್ಲ. ಅಣ್ಣ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಕೇಬಲ್ ಬದಲಾಯಿಸಿದೆ, ಎಲ್‌ಎನ್‌ಬಿ ಬದಲಾಯಿಸಿದೆ, ಸ್ಪ್ಲಿಟರ್ ಬದಲಾಯಿಸಿದೆ, ಸಾವಿರ ರೂಪಾಯಿ ಹಾಗೇ ಹೋಯಿತು. ಕೊನೆಗೆ ಲಾಗಿನಲ್ಲಿ ಎರಡೂ ಸಮಯವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಸ್ಪ್ಲಿಟರಿನ ಒಂದೇ ಕಡೆಯಿಂದ ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತದೆ. ಆ ಕಡೆಯ ಟ್ಯೂನರ್ ತನ್ನ ಕೆಲಸ ಮುಗಿಸಿ ಮಲಗಿತು, ವೋಲ್ಟೇಜ್ ನಿಂತಿತು, ಪಕ್ಕದ್ದಕ್ಕೂ ಕತ್ತಲೆ. ಟಿವಿಹೆಡ್ಎಂಡ್‌ನಲ್ಲಿ ಆ ಟ್ಯೂನರಿನ ಪವರ್ ಸೇವ್ ಟಿಕ್ ತೆಗೆದೆ. ಆಮೇಲೆ ಆ ಕಾಟ ಮತ್ತೆ ಬಂದಿಲ್ಲ.

ಇನ್ನು ಮಳೆ. ಕೊಡಗಿನಲ್ಲಿ ಕೆಯು ಬ್ಯಾಂಡ್ (ಡಿಶ್ ಟಿವಿಯ ಫ್ರೀಕ್ವೆನ್ಸಿ, ಮಳೆಗೆ ಕುಗ್ಗುತ್ತದೆ) ಅಂದರೆ ಜೂನಿನಿಂದ ಸೆಪ್ಟೆಂಬರ್ ತನಕ ದೇವರ ಮೇಲೆ ಭಾರ ಅಂತಲೇ ಎಲ್ಲರ ಲೆಕ್ಕ. ಅರವತ್ತು ಸೆಂಟಿಮೀಟರ್ ಡಿಶ್‌ನಲ್ಲಿ ಬಿಸಿಲಿನ ದಿನ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಬಲ ಅನ್ನುವ ಅಳತೆ) 11-12 ಡಿಬಿ ಸಿಗುತ್ತಿತ್ತು, ಜೋರು ಮಳೆ ಬಂದರೆ ಆರಕ್ಕೆ ಇಳಿದು ಚಿತ್ರ ಚೌಕ ಚೌಕ. ಗುಜರಿಯಲ್ಲಿ ತೊಂಬತ್ತು ಸೆಂಟಿಮೀಟರಿನ ಡಿಶ್ ಎಂಟುನೂರಕ್ಕೆ ಸಿಕ್ಕಿತು, ಅದರಿಂದಲೇ ಮೂರೂವರೆ ಡಿಬಿ ಮೇಲೆ ಬಂತು. ತಾರಸಿ ಮೇಲಿಂದ ಇಳಿಸಿ ಕಣದ ಪಕ್ಕ ನೆಲದಲ್ಲೇ ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸಿದೆ. ಗಾಳಿಗೆ ಅಲುಗಾಡುವುದಿಲ್ಲ, ನೀರು ಹೊಕ್ಕರೆ ಮಳೆಯಲ್ಲಿ ಏಣಿ ಹತ್ತಬೇಕಿಲ್ಲ. ಮರ ಅಡ್ಡ ಬರುತ್ತೆ ಅಂತ ಡಿಶ್ ಕೂರಿಸುವವರು ಇಲ್ಲೂ ತಲೆ ಅಲ್ಲಾಡಿಸಿದರು. ನಮ್ಮ ಕಡೆಯಿಂದ 93.5 ಡಿಗ್ರಿ ಪೂರ್ವ ರೇಖಾಂಶದ ಸ್ಯಾಟಲೈಟ್ ಆಗ್ನೇಯಕ್ಕೆ, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿದೆ. ಮರದ ಎತ್ತರದ ಅರ್ಧದಷ್ಟು ದೂರದಲ್ಲಿ ಡಿಶ್ ಇದ್ದರೆ ಸಿಗ್ನಲ್ ಮರದ ಮೇಲಿಂದಲೇ ಬರುತ್ತದೆ. ನಮ್ಮ ಸಿಲ್ವರ್ ಓಕ್ ಅರವತ್ತು ಅಡಿ, ಕಂಬ ಮೂವತ್ತೈದು ಅಡಿ ದೂರ. ಸಾಕಲ್ವಾ?

ಮಳೆಯಲ್ಲಿ ಡಿಶ್ ಒದ್ದೆ ಆಗುವುದಕ್ಕಿಂತ ಎಲ್‌ಎನ್‌ಬಿಯ ಮೂತಿ ಒದ್ದೆ ಆಗುವುದೇ ದೊಡ್ಡ ತೊಂದರೆ. ಆ ಬಿಳಿ ಮುಚ್ಚಳದ ಮೇಲೆ ನೀರಿನ ಪದರ ನಿಂತರೆ ಸಿಗ್ನಲ್ ಅಲ್ಲೇ ಸಾಯುತ್ತದೆ. ಡಿಶ್‌ಗೆ ಕಾರಿನ ವ್ಯಾಕ್ಸ್ ಹಚ್ಚಿ ನೋಡಿದೆ, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಎಲ್‌ಎನ್‌ಬಿಗೆ ಒಂದು ಗೊರಬೆ (ಮಳೆಗೆ ತಲೆ ಮೇಲೆ ಹಾಕುವ ಮುಚ್ಚಿಗೆಯಂಥದ್ದು) ಮಾಡಿದೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಕತ್ತರಿಸಿ. ಎಲ್ಲಿ ಕತ್ತರಿಸಬೇಕು, ಎಷ್ಟು ಓರೆ ಇಡಬೇಕು ಅನ್ನುವುದರಲ್ಲೇ ಕೆಲಸ ಇರುವುದು, ಅದನ್ನು ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ. ಕೇಬಲ್ ತುದಿಯ ಎಫ್ ಕನೆಕ್ಟರ್ ಕೂಡ ನೋಡಿಕೊಳ್ಳಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಚ್ಚಿದರೆ ಒಳಗಿನ ತಾಮ್ರದ ತಂತಿ ಹಸಿರು ಹಿಡಿದಿತ್ತು, ಸುತ್ತಿನ ಜಾಲರಿ ಪುಡಿ ಪುಡಿ. ಕೇಬಲ್ಲನ್ನು ಕನೆಕ್ಟರಿಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಮೇಲೆ ತಂದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮೊದಲೆಲ್ಲ ಜುಲೈಯಲ್ಲಿ ಒಂದು ಗಂಟೆಯ ಫೈಲಿಗೆ ಸಾವಿರಗಟ್ಟಲೆ ಕಂಟಿನ್ಯುಟಿ ಎರರ್ (ಮಧ್ಯೆ ಕಳೆದುಹೋದ ಡೇಟಾ) ತೋರಿಸುತ್ತಿತ್ತು. ಈಗ ಬಹುಪಾಲು ದಿನ ಸೊನ್ನೆ. ಭಾಗಮಂಡಲದ ಕಡೆಯಿಂದ ಕಪ್ಪಗೆ ಕವಿದು ಬಂದರೆ ಐದು ಹತ್ತು ನಿಮಿಷ ಹೋಗುತ್ತದೆ, ಅಷ್ಟಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಮಳೆಗಿಂತ ಸಿಡಿಲು ದುಬಾರಿ. ಕಾಫಿ ಹೂ ಅರಳಿಸುವ ಹೂಮಳೆಗೆ ನಾವೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತೇವೆ, ಬಂದ ಮಳೆ ಒಂದು ಟ್ಯೂನರನ್ನೂ ತೆಗೆದುಕೊಂಡು ಹೋಯಿತು. ಕಾರ್ಡಿನ ಒಂದು ಪೋರ್ಟ್ ಸತ್ತೇ ಹೋಯಿತು, ರಿಪೇರಿಗೆ ಕೊಟ್ಟರೆ ಎರಡು ಸಾವಿರದ ಚಿಲ್ಲರೆ. ಈಗ ಕಂಬಕ್ಕೆ ಬೇರೆ ಅರ್ಥಿಂಗ್ ಇದೆ, ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಗುಡುಗಿದರೆ ಅಮ್ಮನೇ ಹೋಗಿ ಕೇಬಲ್ ಬಿಚ್ಚಿಡುತ್ತಾರೆ.

ಕರೆಂಟಿನ ಕಥೆ ಹೇಳುವುದೇ ಬೇಡ. ಮಿಷನ್ ತಿನ್ನುವುದು 40-50 ವ್ಯಾಟ್, ಇನ್ವರ್ಟರಿನಲ್ಲಿ ಸಂಜೆ ಪೂರ್ತಿ ಓಡುತ್ತದೆ. ಅದಕ್ಕೂ ಮೀರಿದರೆ ಆಫ್ ಆಗಲಿ, ಕರೆಂಟ್ ಬಂದಾಗ ತಾನೇ ಆನ್ ಆಗುವ ಹಾಗೆ ಬಯೋಸಿನಲ್ಲಿ ಹಾಕಿದ್ದೇನೆ. ತೊಂದರೆ ಗಡಿಯಾರದ್ದು. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದಾಗ ಮಿಷನ್ ಎದ್ದ ಕೂಡಲೇ ಹಳೇ ಯಾವುದೋ ಇಸವಿಗೆ ಹೋಗುತ್ತಿತ್ತು, ಇಂಟರ್‌ನೆಟ್ ಇಲ್ಲದೆ ಸಮಯ ಸರಿ ಮಾಡಿಕೊಳ್ಳುವುದಕ್ಕೂ ಆಗದೆ ಒಂದು ರೆಕಾರ್ಡಿಂಗೂ ಶುರು ಆಗುತ್ತಿರಲಿಲ್ಲ. ನಲವತ್ತು ರೂಪಾಯಿ ಸೆಲ್ಲಿನಲ್ಲಿ ಸರಿಯಾಯಿತು. ಇಂಟರ್‌ನೆಟ್ ಇಲ್ಲದೆಯೂ ಸಮಯ ಸಿಗುವ ಒಂದು ದಾರಿ ಇದೆ, ಟಿವಿಹೆಡ್ಎಂಡ್ ಸೆಟ್ಟಿಂಗ್‌ನಲ್ಲೇ ಹುಡುಕಿ, ಸಿಗುತ್ತೆ.

ಚಾನೆಲ್ ಜೊತೆ ಬರುವ ಕಾರ್ಯಕ್ರಮ ಪಟ್ಟಿ (ಗೈಡ್) ನಂಬಿ ಟೈಮರ್ ಹಾಕಬೇಡಿ. ನಾನು ವಾರ, ಗಂಟೆ ನೋಡಿ ಕೈಯಾರೆ ಹಾಕುತ್ತೇನೆ, ಐದು ನಿಮಿಷ ಮೊದಲು, ಹದಿನೈದು ನಿಮಿಷ ಆಮೇಲೆ, ಹಾಕಿಗೆ ಮುಕ್ಕಾಲು ಗಂಟೆ ಜಾಸ್ತಿ. ಹಿಂದಿನದ್ದರ ಬಾಲ ಮುಂದಿನದ್ದರ ಮೇಲೆ ಬಿದ್ದರೂ ಟ್ರಾನ್ಸ್‌ಪಾಂಡರ್ ಒಂದೇ ಆದ್ದರಿಂದ ಏನೂ ಆಗುವುದಿಲ್ಲ. ಫ್ರೀ ಡಿಶ್ ಸ್ಲಾಟ್ ಹರಾಜು ಆದ ಮೇಲೆ ಏಪ್ರಿಲ್ ಹೊತ್ತಿಗೆ ಚಾನೆಲ್‌ಗಳು ಜಾಗ ಬದಲಾಯಿಸುತ್ತವೆ, ಆಗ ಒಂದು ಸಲ ಪೂರ್ತಿ ಸ್ಕ್ಯಾನ್ ಮಾಡಿ ಟೈಮರ್‌ಗಳನ್ನು ಮತ್ತೆ ನೋಡಿಕೊಳ್ಳಬೇಕು.

ವಿಜಯದಶಮಿಯ ದಿನ ಇದರ ಬೆಲೆ ಮನೆಯವರಿಗೆಲ್ಲ ಗೊತ್ತಾಯಿತು. ಮೈಸೂರಿನ ಜಂಬೂ ಸವಾರಿ ಚಂದನದಲ್ಲಿ ಬರುವ ಹೊತ್ತಿಗೆ ನಾವೆಲ್ಲ ಮಡಿಕೇರಿಗೆ ಹೊರಟಾಗಿತ್ತು, ರಾತ್ರಿಯ ದಶಮಂಟಪ ಮೆರವಣಿಗೆ ನೋಡಲು. ಬೆಳಗಿನ ಜಾವ ತೂಕಡಿಸುತ್ತಾ ಮನೆಗೆ ಬಂದರೆ ಜಂಬೂ ಸವಾರಿ, ಒಂದು ಹಾಕಿ ಮ್ಯಾಚ್, ಒಂದು ಸಂಗೀತ ಕಚೇರಿ, ಅತ್ತಿಗೆಯ ಮಲಯಾಳಂ, ಇನ್ನೂ ಏನೇನೋ ಸೇರಿ ಏಳು ಫೈಲ್, ಒಂದರಲ್ಲೂ ಎರರ್ ಇಲ್ಲ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ, ಈಗ ಅದೇ ಹೆಚ್ಚು ಇಷ್ಟ. ಕಂಪ್ಯೂಟರಿನಲ್ಲಿ ರೇಡಿಯೋ ಹಿಡಿಯುವ ಆರ್‌ಟಿಎಲ್ ಚಿಪ್ಪಿನ ಡಾಂಗಲ್ ಸಾವಿರದೈನೂರಕ್ಕೆ ತಂದು ಮಡಿಕೇರಿ ಆಕಾಶವಾಣಿಯ ಎಫ್‌ಎಂ 103.1 ಹಿಡಿದೆ. ಎಪ್ಪತ್ತೆರಡು ಎಪ್ಪತ್ಮೂರು ಸೆಂಟಿಮೀಟರ್ ತಂತಿ ನೆಟ್ಟಗೆ ನಿಲ್ಲಿಸಿದರೆ ಅದೇ ಆಂಟೆನಾ. ಲಿನಕ್ಸಿನ ಟೈಮರ್ ಕ್ರಾನ್‌ನಲ್ಲಿ ಸಮಯ ಕೊಟ್ಟರೆ ಕೊಡವ, ಅರೆಭಾಷೆ ಕಾರ್ಯಕ್ರಮಗಳು ಗಂಟೆಗೆ ಬರೀ 30 ಎಂಬಿಯಲ್ಲಿ ಕೂತುಕೊಳ್ಳುತ್ತವೆ. ಪಕ್ಕದ ಮನೆಯ ಅಜ್ಜಿಗೆ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ, ಬದಲಿಗೆ ಕಾಳುಮೆಣಸಿನ ಸೀಸನ್ನಿನಲ್ಲಿ ನನಗೂ ಏನೋ ಬರುತ್ತದೆ.

ಒಟ್ಟು ಖರ್ಚು, ಈಗ ಓಡುತ್ತಿರುವ ಸಿಸ್ಟಮ್ಮಿಗೆ ಮೂವತ್ತು ಸಾವಿರದ ಒಳಗೆ. ಅದರಲ್ಲಿ 4 ಟಿಬಿ ಡಿಸ್ಕಿನದ್ದೇ ಒಂಬತ್ತು ಸಾವಿರ. ದಾರಿಯಲ್ಲಿ ದಂಡ ಆದದ್ದು ಬೇರೆ, ಹತ್ತು ಸಾವಿರ ಅಂತ ಇಟ್ಟುಕೊಳ್ಳಿ, ಮನೆಯಲ್ಲಿ ಕಡಿಮೆ ಹೇಳಿದ್ದೇನೆ. ಡಿಸ್ಕಿನಲ್ಲಿ ಮೂರು ಸಾವಿರ ಗಂಟೆ ಹಿಡಿಯುತ್ತದೆ. ವಾರ್ತೆ ಎರಡು ದಿನಕ್ಕೆ ತಾನೇ ಅಳಿಸಿಹೋಗುತ್ತದೆ, ಉಳಿದದ್ದು ಮೂರು ತಿಂಗಳಿಗೆ. ಹಾಕಿ ಮಾತ್ರ ಮುಟ್ಟುವ ಹಾಗಿಲ್ಲ ಅಂತ ಅಣ್ಣನ ಆರ್ಡರ್. ಅದಕ್ಕೆ ಇನ್ನೊಂದು ಡಿಸ್ಕಿನ ದುಡ್ಡು ತಾನೇ ಕೊಡ್ತೇನೆ ಅಂದಿದ್ದಾನೆ, ಇನ್ನೂ ಕೊಟ್ಟಿಲ್ಲ.