ರೈಲಿಗೊಂದು ಮೇಜು: ಎರಡು ಸಲ ಕೆಟ್ಟು ಮೂರನೇ ಸಲ ಮಾಡಿಸಿದ್ದು

ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಎಂಟೂವರೆಗೆ ಒಂದು ರೈಲು ಅಪಘಾತ ಆಗುತ್ತಿತ್ತು. ಕೆಲಸದ ಅಕ್ಕ ಪೊರಕೆ ಹಿಡಿದು ಹಾಲ್‌ಗೆ ಬರುವ ಹೊತ್ತು ಅದು. ಹಿಂದಿನ ಸಂಜೆ ದೊಡ್ಡವನು ಸೋಫಾ ಕೆಳಗಿನಿಂದ ಟಿವಿ ಸ್ಟ್ಯಾಂಡ್‌ವರೆಗೆ ಹಾಕಿದ್ದ ಹಳಿಯನ್ನೆಲ್ಲ ಎತ್ತಿ ಬುಟ್ಟಿಗೆ ಸುರಿಯಬೇಕು, ಗುಡಿಸಬೇಕು, ಒರೆಸಬೇಕು, ನೆಲ ಒಣಗುವವರೆಗೆ ಯಾರೂ ಕಾಲಿಡಬಾರದು. ಅವನು ಅಳುತ್ತಿದ್ದ. ಅಣ್ಣ ಅತ್ತ ಅಂತ ಚಿಕ್ಕವಳೂ ಅಳುತ್ತಿದ್ದಳು. ಅಕ್ಕ ಪಾಪ ಪೊರಕೆ ಹಿಡಿದುಕೊಂಡು "ಎತ್ತಲಾ ಬೇಡ್ವಾ ಅಮ್ಮಾ" ಅಂತ ನನ್ನ ಮುಖ ನೋಡುತ್ತಿದ್ದರು.

ಮಕ್ಕಳಿಗೆ ರೈಲಿನ ಮೇಜು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಆಡೋದಕ್ಕೆ ನೆಲ ಸಾಕು, ನೆಲವೇ ಚೆನ್ನ. ಮೇಜು ಬೇಕಾಗಿರೋದು ಇವತ್ತು ಹಾಕಿದ ಹಳಿ ನಾಳೆಯೂ ಇರಲಿ ಅಂತ. ಇದು ನನಗೆ ಮೊದಲೇ ಹೊಳೆದಿದ್ದರೆ ಎರಡು ಸಲ ಕೆಡುತ್ತಿರಲಿಲ್ಲ.

ನಾವಿರೋದು ಮೈಸೂರಿನಲ್ಲಿ, ಬಾಡಿಗೆ ಮನೆ, ಹಾಲ್ ಹತ್ತು ಅಡಿಗೆ ಹದಿನಾಲ್ಕು ಅಡಿ. ಮಗನಿಗೆ ಐದು ವರ್ಷ, ಮಗಳಿಗೆ ಎರಡೂವರೆ. ರೈಲಿನ ಹುಚ್ಚು ಹತ್ತಿದ್ದು ಇಲ್ಲಿನ ರೈಲ್ವೆ ಮ್ಯೂಸಿಯಂನಲ್ಲಿ. 1979ರಲ್ಲಿ ಶುರುವಾದ ಮ್ಯೂಸಿಯಂ ಅದು, ನಾನೂ ಚಿಕ್ಕವಳಿದ್ದಾಗ ಶಾಲೆಯಿಂದ ಹೋಗಿ ಅಲ್ಲಿನ ಪುಟಾಣಿ ರೈಲು ಹತ್ತಿದ್ದೆ. ಇವನು ಒಂದು ಸುತ್ತು ಹೋಗಿ ಬಂದವನು ಮೂರು ತಿಂಗಳು ಬೇರೆ ಮಾತೇ ಆಡಲಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ತಮ್ಮ ಮಗ ದೊಡ್ಡವನಾದ ಅಂತ ಮರದ ಹಳಿಗಳ ಒಂದು ಚೀಲ ಕೊಟ್ಟರು. ಆಮೇಲೆ ಬೆಂಗಳೂರಿಗೆ ಹೋದಾಗ ನಾಗಸಂದ್ರದ ಐಕಿಯಾದಲ್ಲಿ ಲಿಲ್ಲಾಬೂ ಅನ್ನೋ ಮರದ ರೈಲಿನ ಸೆಟ್ ಒಂದು ತಂದೆವು. ಹೀಗೆ ಹಳಿ ಬೆಳೆಯಿತು, ನೆಲ ಸಾಲದಾಯಿತು.

ಮೊದಲು ಮಾಡಿದ ಪ್ರಯೋಗ ಮನೆಯ ಟೀಪಾಯಿ. ಮೇಲೆ ಗಾಜು. ಹಳಿ ಗಾಜಿನ ಮೇಲೆ ಜಾರುತ್ತದೆ, ಇಂಜಿನ್ ತಳ್ಳಿದರೆ ಇಡೀ ಊರೇ ಹಿಂದಕ್ಕೆ ಹೋಗುತ್ತದೆ. ಅದರ ಮೇಲೆ ಚಿಕ್ಕವಳು ಒಂದು ದಿನ ಮಂಡಿ ಊರಿ ಹತ್ತಿದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಅವತ್ತೇ ಟೀಪಾಯಿ ಬಾಲ್ಕನಿಗೆ ಹೋಯಿತು.

ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಮೇಜು. ಫೋಟೋದಲ್ಲಿ ಮೂರು ಮಕ್ಕಳು ಸುತ್ತ ನಿಂತು ನಗುತ್ತಿದ್ದರು. ಡಬ್ಬ ಬಿಚ್ಚಿದರೆ ನಮ್ಮ ರೊಟ್ಟಿ ಮಣೆಗಿಂತ ಸ್ವಲ್ಪ ದೊಡ್ಡದು ಅಷ್ಟೆ! ಅಳತೆ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು, ನಾನು ಓದಿರಲಿಲ್ಲ, ತಪ್ಪು ನನ್ನದೇ. ಆದರೆ ಕಾಲು ನಾಲ್ಕೂ ಲಟಪಟ ಅಲ್ಲಾಡುತ್ತಿದ್ದದ್ದು ಮಾತ್ರ ನನ್ನ ತಪ್ಪಲ್ಲ. ಹಳಿಯೂ ಮೇಜಿಗೇ ಅಂಟಿಕೊಂಡ ಒಂದೇ ಸುತ್ತು. ಎರಡು ದಿನ ಸುತ್ತಿಸಿದರು, ಮೂರನೇ ದಿನ ಅದನ್ನು ಮಗುಚಿ ದೋಣಿ ಮಾಡಿಕೊಂಡರು.

ಆಮೇಲೆ ಟೇಪ್ ಹಿಡಿದು ಕೂತೆ. ಮೊದಲು ಹಳಿಯನ್ನೇ ಅಳೆದೆ. ಮರದ ಹಳಿಗಳಲ್ಲಿ ಹೆಚ್ಚಿನವು ಸ್ವೀಡನ್ನಿನ ಬ್ರಿಯೊ ಕಂಪನಿಯ ಅಳತೆಯನ್ನೇ ಹಿಡಿದು ಬರುತ್ತವೆ. ಅವರು ಮರದ ರೈಲು ಶುರು ಮಾಡಿದ್ದು 1950ರ ದಶಕದ ಕೊನೆಯಲ್ಲಿ. ಹಳಿಯ ಅಗಲ 4 ಸೆಂಟಿಮೀಟರ್, ದಪ್ಪ 12 ಮಿಲಿಮೀಟರ್. ಒಂದು ತುದಿಯಲ್ಲಿ ಗುಂಡನೆ ತಲೆ, ಇನ್ನೊಂದು ತುದಿಯಲ್ಲಿ ಅದು ಕೂರುವ ಕಚ್ಚು. ಬೇರೆ ಬೇರೆ ಕಂಪನಿಯವನ್ನು ಸೇರಿಸಿದಾಗ ಕೆಲವು ಬಿಗಿಯಾಗುತ್ತವೆ, ಸ್ಯಾಂಡ್ ಪೇಪರಿನಲ್ಲಿ ಎರಡು ಸಲ ಉಜ್ಜಿದರೆ ಸರಿ ಹೋಗುತ್ತದೆ. ದೊಡ್ಡ ತಿರುವಿನ ತುಂಡು ಎಂಟು ಸೇರಿದರೆ ಒಂದು ಪೂರ್ತಿ ಸುತ್ತು, ಹೊರಗಿನಿಂದ ಹೊರಗೆ ಸುಮಾರು 44 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದೂವರೆ ಅಡಿ. ಮಧ್ಯದಲ್ಲಿ ಆ ಕಡೆ ಈ ಕಡೆ ಎರಡೆರಡು ಉದ್ದನೆ ತುಂಡು ಹಾಕಿದರೆ ಮೊಟ್ಟೆಯಾಕಾರ ಬರುತ್ತದೆ, ಆಗ ಉದ್ದ ಮೂರು ಅಡಿಗೆ ಸ್ವಲ್ಪ ಕಮ್ಮಿ. ಸ್ಟೇಷನ್ನು, ಗೇಟು, ಶೆಡ್ಡು ಎಲ್ಲ ನಿಲ್ಲಿಸಲು ಇನ್ನೊಂದು ಅಡಿ ಬೇಕು. ಸೋ ಉದ್ದ ನಾಲ್ಕು ಅಡಿ ಅಂತ ತೀರ್ಮಾನ ಆಯಿತು. ಎರಡು ಅಡಿ ಚೌಕದ ಮೇಜುಗಳು ಅಗ್ಗಕ್ಕೆ ಸಿಗುತ್ತವೆ ನಿಜ, ಆದರೆ ಅದರಲ್ಲಿ ಒಂದು ಸುತ್ತು ಹಾಕಿದರೆ ಮುಗಿಯಿತು, ಎರಡನೇ ರೈಲಿಗೆ ಜಾಗವೇ ಇಲ್ಲ. ಎರಡು ಮಕ್ಕಳಿದ್ದ ಮನೆಯಲ್ಲಿ ಎರಡನೇ ರೈಲಿಗೆ ಜಾಗ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಅಗಲವನ್ನು ಹಳಿಯಿಂದಲ್ಲ, ಮಗುವಿನ ಕೈಯಿಂದ ತೀರ್ಮಾನಿಸಬೇಕು. ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ. ಚಿಕ್ಕವಳನ್ನು ಒಂದು ಕಾಟಿನ ಅಂಚಿಗೆ ನಿಲ್ಲಿಸಿ, ಹೊಟ್ಟೆ ಅಂಚಿಗೆ ತಾಗಿಸಿ, ಕೈಯಲ್ಲಿ ಇಂಜಿನ್ ಕೊಟ್ಟು "ಎಷ್ಟು ದೂರ ಹೋಗುತ್ತೋ ಅಷ್ಟು ದೂರ ತಳ್ಳು" ಅಂದೆ. 38 ಸೆಂಟಿಮೀಟರ್ ಬಂತು. ಅದರಾಚೆ ಇಡುವ ಯಾವುದನ್ನೂ ಅವಳು ಮೇಜು ಹತ್ತಿಯೇ ಮುಟ್ಟಬೇಕು, ಹತ್ತೇ ಹತ್ತುತ್ತಾಳೆ. ಎರಡೂ ಕಡೆಯಿಂದ ಕೈ ಹಾಕುವ ಹಾಗಿದ್ದರೆ 38 ಮತ್ತು 38, ಒಟ್ಟು 76. ಅದು ಸರಿಯಾಗಿ ಎರಡೂವರೆ ಅಡಿ. ಗೋಡೆಗೆ ತಾಗಿಸಿ ಇಡುವುದಾದರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ, ಆಗ ಒಂದೂಕಾಲು ಅಡಿಗಿಂತ ಆಚೆ ಇರುವುದು ಮಗುವಿಗೆ ಸಿಗದು. ನಮ್ಮ ಸೋಫಾವನ್ನು ಕಿಟಕಿಯ ಕಡೆ ಸರಿಸಿ ಮೇಜಿಗೆ ಸುತ್ತಲೂ ದಾರಿ ಬಿಟ್ಟೆವು. ಹಾಲ್ ಚಿಕ್ಕದಾಯಿತು, ಬಂದವರು "ಏನಿದು" ಅಂತ ಕೇಳುತ್ತಾರೆ, ಕೇಳಲಿ ಬಿಡಿ.

ಎತ್ತರಕ್ಕೂ ಇದೇ ರೀತಿ. ನಿಂತ ಮಗುವಿನ ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ ಇದ್ದರೆ ಬಗ್ಗಿ ಆಡಲು ಸುಲಭ. ನಮಗೆ 16 ಇಂಚು ಸರಿಯಾಯಿತು. ಚಿಕ್ಕವಳು ನಿಂತು ಆಡುತ್ತಾಳೆ, ದೊಡ್ಡವನು ಮಂಡಿಯೂರಿ ಆಡುತ್ತಾನೆ. ಮಕ್ಕಳು ರೈಲು ಆಡುವುದನ್ನು ಗಮನಿಸಿದ್ದೀರಾ, ಕೆನ್ನೆಯನ್ನು ಹಳಿಯ ಪಕ್ಕಕ್ಕೇ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಆಗ ಅವರಿಗೆ ಅದು ನಿಜವಾದ ರೈಲು. ಮೇಜಿನ ಅಂಚಿನ ಪಟ್ಟಿ ಎತ್ತರ ಆದರೆ ಅದು ಕಾಣುವುದಿಲ್ಲ. ಅಂಗಡಿಯಲ್ಲಿ ನೋಡಿದ ರೆಡಿಮೇಡ್ ಮೇಜಿಗೆ ಎರಡು ಇಂಚಿನ ಕಟ್ಟೆ ಇತ್ತು, ಸಾಮಾನು ಬೀಳಬಾರದು ಅಂತ. ಕೈ ಮಣಿಕಟ್ಟಿಗೂ ಒತ್ತುತ್ತದೆ, ಕಣ್ಣಿಗೂ ಅಡ್ಡ. ಹಾಗಂತ ಪಟ್ಟಿಯೇ ಇಲ್ಲದಿದ್ದರೆ ದಿನವಿಡೀ ಬೋಗಿ ಹೆಕ್ಕುವುದೇ ಕೆಲಸ. ನಾನು ಅರ್ಧ ಇಂಚು ಸಾಕು ಅಂದೆ, ಅಂದರೆ ಹಳಿಯ ದಪ್ಪದಷ್ಟೇ. ಉರುಳಿ ಬಂದ ಬೋಗಿ ಅಂಚಿನಲ್ಲಿ ನಿಲ್ಲುತ್ತದೆ, ಹಳಿ ಮೇಲಿನ ರೈಲು ಪೂರ್ತಿ ಕಾಣುತ್ತದೆ.

ಆ ರೆಡಿಮೇಡ್ ಮೇಜಿನ ಕೆಳಗೆ ಎರಡು ದೊಡ್ಡ ಡ್ರಾಯರ್ ಬೇರೆ ಇದ್ದವು. ನೋಡಲು ಭಾರಿ ಚಂದ. ನಮ್ಮನೆಯವರಂತೂ ಅದನ್ನೇ ತಗೊಳ್ಳೋಣ ಅಂದರು. ನನಗೆ ಬೆಳಗ್ಗೆ ಎಂಟೂವರೆ ನೆನಪಾಯಿತು. ಕೆಳಗೆ ಡ್ರಾಯರ್ ಇದ್ದರೆ ಒರೆಸಲು ಮಾಪ್ ಹೋಗುವುದಿಲ್ಲ, ಮೇಜನ್ನೇ ಎಳೆಯಬೇಕು, ಎಳೆದರೆ ಮೇಲಿನ ಹಳಿ ಬಿಚ್ಚಿಕೊಳ್ಳುತ್ತದೆ. ಮತ್ತೆ ಅಪಘಾತ. ಕಾಲಿಗೆ ಚಕ್ರ ಹಾಕಿಸಿದರೆ ಅಂತ ಯೋಚಿಸಿದೆ, ಆದರೆ ಚಕ್ರ ಇದ್ದ ಮೇಜು ಐದು ವರ್ಷದ ಹುಡುಗನ ಕಣ್ಣಿಗೆ ಮೇಜಲ್ಲ, ಬಸ್ಸು. ಮೇಜಿನ ಮೇಲೆ ರಸ್ತೆ, ಕೆರೆ, ಮರ ಎಲ್ಲ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಅದೂ ಬೇಡ ಅನ್ನಿಸಿತು. ಕೆರೆ ಇದ್ದಲ್ಲೇ ಇರುತ್ತದೆ, ಹಳಿಯನ್ನು ಅದಕ್ಕೆ ತಕ್ಕಂತೆ ಹಾಕಬೇಕಾಗುತ್ತದೆ. ನಮ್ಮ ಮನೆಯಲ್ಲಿ ಕೆರೆ ಅಂದರೆ ನನ್ನ ನೀಲಿ ಕರ್ಚೀಫು, ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಕೊನೆಗೆ ಮನೆ ಹತ್ತಿರದ ಆಚಾರ್ರ ಬಳಿ ಹೋದೆ. ಪ್ಲೈವುಡ್ ಅಂಗಡಿಯವರು 8 ಅಡಿಗೆ 4 ಅಡಿಯ ಪೂರ್ತಿ ಶೀಟೇ ತಗೋಬೇಕು ಅಂದಿದ್ದರು. ಆಚಾರ್ರು "ಯಾಕಮ್ಮಾ ದಂಡ" ಅಂತ ಹೇಳಿ, ಯಾರದೋ ವಾರ್ಡ್‌ರೋಬ್ ಕೆಲಸದಲ್ಲಿ ಉಳಿದ 18 ಮಿಲಿಮೀಟರ್ ತುಂಡೊಂದನ್ನು ಹುಡುಕಿ ತೆಗೆದರು. ತೆಳು ಪ್ಲೈ ಬೇಡವೇ ಬೇಡ, ಮಧ್ಯದಲ್ಲಿ ಬಗ್ಗುತ್ತದೆ, ಬಗ್ಗಿದರೆ ಹಳಿಯ ಜೋಡಣೆ ಎದ್ದು ರೈಲು ಅಲ್ಲೇ ಕವುಚಿಕೊಳ್ಳುತ್ತದೆ. ನೀರು ತಡೆಯುವ ದುಬಾರಿ ಪ್ಲೈ ಅಡುಗೆಮನೆಗೆ ಸರಿ, ಇದಕ್ಕೆ ಮಾಮೂಲಿ ಪ್ಲೈ ಸಾಕು. ಕಾಲಿಗೆ ಎರಡು ಇಂಚು ಚೌಕದ ಸಿಲ್ವರ್ ಓಕ್. ಕಾಲುಗಳನ್ನು ಒಳಗೆ ಸರಿಸದೆ ನಾಲ್ಕೂ ಮೂಲೆಗೇ ಹಾಕಿಸಿದೆ, ಯಾಕೆಂದರೆ ಮಕ್ಕಳು ಅಂಚಿನಲ್ಲಿ ಕೂರುತ್ತಾರೆ, ಕಾಲು ಒಳಗಿದ್ದರೆ ಮೇಜು ಎದ್ದುಬಿಡುತ್ತದೆ. ಕೆಳಗೆ ಅಡ್ಡಪಟ್ಟಿ ಕೊಟ್ಟರು. ಬಾಡಿಗೆ ಮನೆ, ಎಂದಾದರೂ ಖಾಲಿ ಮಾಡಬೇಕು, ಹಾಗಾಗಿ ಕಾಲುಗಳನ್ನು ಬೋಲ್ಟ್ ಹಾಕಿ ಬಿಚ್ಚುವ ಹಾಗೆ ಮಾಡಿಸಿದೆ.

ಮೂಲೆಯ ವಿಷಯಕ್ಕೆ ಆಚಾರ್ರ ಜೊತೆ ಸಣ್ಣ ವಾದ ಆಯಿತು. ಅವರಿಗೆ ಚೂಪು ಮೂಲೆ ಅಂದರೆ ಅಚ್ಚುಕಟ್ಟು. ನನಗೆ 16 ಇಂಚು ಎತ್ತರದ ಚೂಪು ಮೂಲೆ ಅಂದರೆ ಓಡಿ ಬರುವ ಮಗು ಎಡವಿದಾಗ ಹಣೆಗೆ ತಾಗುವ ಜಾಗ. ಅವರು ಕಾಫಿ ಕುಡಿದಿಟ್ಟ ಸ್ಟೀಲ್ ಲೋಟವನ್ನೇ ಮೂಲೆಗೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, "ಇಷ್ಟು ಗುಂಡಗೆ ಬೇಕು" ಅಂದೆ. ನಕ್ಕು ಹಾಗೇ ಕೊಯ್ದರು. ಪ್ಲೈ ಅಂಚನ್ನು ಹಾಗೇ ಬಿಟ್ಟರೆ ಸಿಬಿರು ಚುಚ್ಚುತ್ತದೆ, ಅದಕ್ಕೆ ಸುತ್ತ ಮರದ ಬೀಡಿಂಗ್, ಅದನ್ನೇ ಅರ್ಧ ಇಂಚು ಮೇಲೆ ಬಿಟ್ಟು ಕಟ್ಟೆ. ಮೇಲಕ್ಕೆ ಹೊಳಪಿಲ್ಲದ ಮ್ಯಾಟ್ ಮೈಕಾ, ತಿಳಿ ಬಣ್ಣದ್ದು. ಹೊಳೆಯುವ ಮೈಕಾ ಆದರೆ ಮತ್ತೆ ಗಾಜಿನ ಕಥೆಯೇ.

ಮೇಜು ಬಂದ ದಿನ ಮೊದಲು ಕೂತವಳು ನಾನು. 64 ಕಿಲೋ. ಕಿರ್ರೆನ್ನಲಿಲ್ಲ.

ಒಂದು ವಿಷಯ ಮೊದಲೇ ಯೋಚಿಸಿರಲಿಲ್ಲ: ಸದ್ದು. ಮರದ ಮೇಲೆ ಮರದ ಚಕ್ರ, ಕೆಳಗೆ ಖಾಲಿ, ಪೂರ್ತಿ ತಮಟೆ. ಕೆಳಗಿನ ಮನೆಯವರು ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದರು. ಕಾಲಿಗೆ ರಬ್ಬರ್ ಬುಷ್ ಹಾಕಿದ ಮೇಲೆ ಎಷ್ಟೋ ತಗ್ಗಿತು. ಹಳಿಯ ಕೆಳಗೆ ಮೆತ್ತನೆ ಏನಾದರೂ ಹಾಸೋಣ ಅಂತ ಹಳೆ ಬೆಡ್‌ಶೀಟ್ ಮಡಚಿ ಹಾಕಿ ನೋಡಿದೆ. ಸದ್ದು ಹೋಯಿತು, ಜೊತೆಗೆ ಹಳಿಯೂ ಕುಸಿಯಿತು. ತೆಗೆದೆ.

ನಮ್ಮನೆಯವರದು ಇನ್ನೊಂದು ಐಡಿಯಾ ಇತ್ತು. ಹಳಿಯನ್ನು ಫೆವಿಕಾಲ್ ಹಾಕಿ ಅಂಟಿಸಿಬಿಟ್ಟರೆ ಬಿಚ್ಚುವ ಗೊಡವೆಯೇ ಇಲ್ಲವಲ್ಲ? ನಾನು ಪ್ಲಾಸ್ಟಿಕ್ ದೋಣಿಯನ್ನು ತೋರಿಸಿದೆ, ಮಾತು ಅಲ್ಲಿಗೇ ನಿಂತಿತು. ಹಳಿ ನಾಳೆಗೂ ಇರಬೇಕು ನಿಜ, ಆದರೆ ನಾಡಿದ್ದು ಅವನಿಗೆ ಬೇಡ ಅನ್ನಿಸಿದಾಗ ಬಿಚ್ಚಲು ಬರಬೇಕು. ಎರಡೂವರೆ ವರ್ಷದವರು ಹಳಿ ಜೋಡಿಸುವುದಿಲ್ಲ, ನಾವು ಜೋಡಿಸಿಕೊಟ್ಟದ್ದರ ಮೇಲೆ ಓಡಿಸುತ್ತಾರೆ ಅಷ್ಟೆ. ನಾಲ್ಕು ದಾಟಿದವರಿಗೆ ಜೋಡಿಸುವುದೇ ಆಟ, ಓಡಿಸುವುದು ಆಮೇಲೆ.

ಚಿಕ್ಕವಳು ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುತ್ತಿದ್ದ ಕಾರಣ ಬೋಗಿಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದೆ. ಇವಕ್ಕೆ ಕೊಂಡಿಯ ಬದಲು ಅಯಸ್ಕಾಂತ ಇರುತ್ತದೆ. ಅದು ಮರದೊಳಗೆ ಭದ್ರವಾಗಿ ಕೂತಿರಬೇಕು, ಉಗುರಿನಲ್ಲಿ ಎಳೆದರೂ ಅಲ್ಲಾಡಬಾರದು. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಕರುಳಿನೊಳಗೆ ಒಂದನ್ನೊಂದು ಎಳೆದು ತೂತು ಮಾಡಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ ಅದು. ಹಳೇ ಚೀಲದ ಎರಡು ಬೋಗಿಗಳಲ್ಲಿ ಸಡಿಲ ಇತ್ತು, ಆ ಎರಡನ್ನೂ ಅಂಟಿಸಲು ಹೋಗದೆ ಎಸೆದೆ. 3 ವರ್ಷದೊಳಗಿನ ಮಕ್ಕಳಿಗೆ ಸುಮಾರು 3 ಸೆಂಟಿಮೀಟರ್ ಅಡ್ಡಳತೆಯ ಕೊಳವೆಯೊಳಗೆ ಪೂರ್ತಿ ಇಳಿಯುವಂಥ ಯಾವ ಸಾಮಾನೂ ಬೇಡ, ಹಾಗಾಗಿ ಪುಟಾಣಿ ಮನುಷ್ಯರು, ಸಿಗ್ನಲ್ಲು ಎಲ್ಲ ಡಬ್ಬದಲ್ಲಿ ಮೇಲಿನ ಶೆಲ್ಫಿಗೆ ಹೋದವು. ಹೊಸದಾಗಿ ಅಂಗಡಿಯಿಂದ ತರುವುದಾದರೆ ಐಎಸ್ಐ ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಚನ್ನಪಟ್ಟಣದ ರೈಲು ಬಗ್ಗೆ ಕೇಳುವವರಿಗೆ: ನನಗೂ ಅದೇ ಆಸೆ ಇತ್ತು. ಆಲೆ ಮರ, ಅರಗಿನ ಬಣ್ಣ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದು. ಬೆಂಗಳೂರಿಂದ ಬರುವಾಗ ಇಳಿದು ಒಂದು ತಂದೆ. ಆದರೆ ನಾನು ತಂದದ್ದು ದಾರ ಕಟ್ಟಿ ಎಳೆಯುವ ರೈಲು, ಚಕ್ರ ದಪ್ಪ, ಈ ಹಳಿಯ ಗೀರಿನಲ್ಲಿ ಕೂರುವುದಿಲ್ಲ. ಈಗ ಅದು ಮೇಜಿನ ಕೆಳಗೆ, ನೆಲದ ಮೇಲೆ ಓಡುತ್ತದೆ. ಚಿಕ್ಕವಳಿಗೆ ಅದೇ ಹೆಚ್ಚು ಇಷ್ಟ ಅನ್ನೋದು ನನ್ನ ಇಷ್ಟೂ ಲೆಕ್ಕಾಚಾರಕ್ಕೆ ಒಂದು ಗುದ್ದು.

ಮೇಜಿನ ಮೇಲೆ ಸದ್ಯಕ್ಕೆ ಮೈಸೂರಿಂದ ಬೆಂಗಳೂರಿಗೆ ಹೋಗುವ ಲೈನ್ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಅಂತ ಬೆಂಕಿಪೊಟ್ಟಣಗಳ ಮೇಲೆ ಬರೆದು ನಿಲ್ಲಿಸಿದ್ದಾನೆ. ಮದ್ದೂರಿನಲ್ಲಿ ವಡೆಗೋಸ್ಕರ ರೈಲು ನಿಲ್ಲಲೇಬೇಕು, ಎಷ್ಟು ಹೊತ್ತಾದರೂ ಸರಿ. ವಡೆ ಮಾರುವವರು ನಮ್ಮ ಅತ್ತೆ. "ನೆಲದ ಮೇಲೆ ಆಡ್ಲಿ ಬಿಡು, ಇದಕ್ಕೆಲ್ಲ ಮೇಜು ಯಾಕೆ" ಅಂದಿದ್ದವರು ಅವರೇ. ಮಂಡಿ ನೋವು, ನೆಲಕ್ಕೆ ಕೂತರೆ ಏಳಲಾಗದು, ಹಾಗಾಗಿ ಮೊಮ್ಮಕ್ಕಳ ಆಟವನ್ನು ಸೋಫಾದಿಂದಲೇ ನೋಡುತ್ತಿದ್ದರು. ಈಗ ಸ್ಟೂಲ್ ಎಳೆದುಕೊಂಡು ಮದ್ದೂರಿನ ಹತ್ತಿರ ಕೂರುತ್ತಾರೆ. ಮೇಜು ಅವರಿಗೂ ಹೊಂದುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಖರ್ಚು ಕೇಳುತ್ತೀರಿ, ಗೊತ್ತು. ಉಳಿದ ತುಂಡು ಸಿಕ್ಕಿದ್ದರಿಂದ ಪ್ಲೈ, ಮೈಕಾ, ಕಾಲು, ಕೂಲಿ ಎಲ್ಲ ಸೇರಿ 3,400 ರೂಪಾಯಿ. ಇನ್ನೊಮ್ಮೆ ಮಾಡಿಸಿದರೆ ಅಡ್ಡಪಟ್ಟಿಯನ್ನು ಇನ್ನೂ ಎರಡು ಇಂಚು ಮೇಲೆ ಕೊಡಿಸುತ್ತೇನೆ, ಈಗ ಮಾಪಿನ ತಲೆ ಅಲ್ಲಿಗೆ ಟಕ್ ಅಂತ ತಾಗುತ್ತದೆ. ಕೆಲಸದ ಅಕ್ಕನ ಒಂದೇ ದೂರು ಅದು. ತಾಗಿದಾಗೆಲ್ಲ ಅವರು ಒರೆಸುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅಲ್ಲಾಡಿದ ಬೋಗಿಯನ್ನು ಮತ್ತೆ ಹಳಿಗೆ ಕೂರಿಸಿ ಹೋಗುತ್ತಾರೆ.