ಬದುವಿಗೆ ಹುಚ್ಚೆಳ್ಳು ಹಾಕಿ ಕುಂಬಳದಲ್ಲಿ ಕಾಯಿ ಕಚ್ಚಿಸಿದ್ದು

ಮದ್ದೂರು ಕಡೆಯ ನಾಲೆ ಬಯಲಿನಲ್ಲಿ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು) ಸಾಕುತ್ತೇನೆ ಎಂದಾಗ, ಇಲ್ಲಿ ಜೇನಿಗೆ ಹೂವೆಲ್ಲಿದೆ ಎಂದು ನಕ್ಕವರೇ ಹೆಚ್ಚು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಕಬ್ಬನ್ನು ಹೂ ಬಿಡಲು ನಾವೇ ಬಿಡುವುದಿಲ್ಲ, ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಕಣ್ಣಿಗೆ ಹಸಿರು, ಜೇನಿಗೆ ಬರ.

ಮೊದಲು ಎಂಟು-ಹತ್ತು ಪೆಟ್ಟಿಗೆ ತಂದೆ. ಸುಮಾರು ನಲವತ್ತು ಸಾವಿರ ಖರ್ಚು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡೋ ಮೂರೋ ಉಳಿದವು. ಹಸಿದವು ಹಾರಿಹೋದವು, ಬಲಗುಂದಿದವಕ್ಕೆ ಎರಿ ತಿನ್ನುವ ಮೇಣದ ಹುಳು ಬಿತ್ತು. ಸಕ್ಕರೆ ಪಾಕ ಕೊಡಬೇಕಿತ್ತು ಎನ್ನುವವರು ಅಂಗಡಿಯ ಲೆಕ್ಕವನ್ನೂ ಹೇಳಲಿ.

ಆಮೇಲೆ ಬದುವಿಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿದೆ. ತುಂಬೆ ತಾನಾಗಿ ಬಂತು. ಬೇಲಿಗೆ ಲಕ್ಕಿ, ಮೂಲೆಗೆ ನುಗ್ಗೆ. ಹುಚ್ಚೆಳ್ಳನ್ನು ಒಂದೇ ಸಲ ಚೆಲ್ಲದೆ ಹದಿನೈದು ದಿನಕ್ಕೊಮ್ಮೆ ಚೆಲ್ಲಿದೆ; ಹೂವು ಎರಡು ತಿಂಗಳಿಗೂ ಮೇಲೆ ಎಳೆಯಿತು. ಬೀಜದ ಖರ್ಚು ಐನೂರು ದಾಟಿರಲಿಕ್ಕಿಲ್ಲ. ಖಾಲಿ ಪೆಟ್ಟಿಗೆಗೆ ಹಳೆಯ ಮೇಣ ಸವರಿಟ್ಟೆ, ಕಾಡಿನ ಜೇನು ಕುಟುಂಬಗಳೇ ಬಂದು ಕೂತವು. ಮೇಣದ ಜೊತೆ ಬೆರೆಸಿದ್ದು ಏನು ಎಂದು ಮಾತ್ರ ಕೇಳಬೇಡಿ.

ಕಷ್ಟವಾದದ್ದು ಅಕ್ಕಪಕ್ಕದ ಹೊಲದವರ ಔಷಧಿ. ಕುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಇವರು ಸಿಂಪಡಿಸುವುದೂ ಅದೇ ಹೊತ್ತಿನಲ್ಲಿ. ಸಭೆ ಕರೆದು ಭಾಷಣ ಮಾಡಿಸಿದರೆ ಟೀ ಕುಡಿದು ಎದ್ದರು. ಕೊನೆಗೆ ಸ್ತ್ರೀಶಕ್ತಿ ಸಂಘದ ಅಕ್ಕಂದಿರನ್ನು ಹೊಲಕ್ಕೇ ಕರೆದೆ. ಮರುದಿನ ಅರಳುವ ಹೆಣ್ಣು ಹೂಗಳಲ್ಲಿ ಕೆಲವಕ್ಕೆ ಜೇನು ಒಳಗೆ ಹೋಗದಂತೆ ಸಂಜೆಯೇ ಹಳೆಯ ಪಂಚೆಯ ತುಂಡು ಕಟ್ಟಿಸಿದೆ, ಉಳಿದವನ್ನು ಹಾಗೇ ಬಿಟ್ಟೆ. ವಾರದೊಳಗೆ ಬಟ್ಟೆ ಕಟ್ಟಿದ ಹೀಚುಗಳೆಲ್ಲ ಹಳದಿಯಾಗಿ ಉದುರಿದವು. "ಅಂದರೆ ಬೆಳಿಗ್ಗೆ ನಾವು ಹೊಡೆಯುತ್ತಿದ್ದದ್ದು ಕಾಯಿ ಕಟ್ಟುವವರಿಗೇ ಅಲ್ಲವೇನಣ್ಣ?" ಎಂದು ಒಬ್ಬರು ಕೇಳಿದರು. ಗಂಡಸರಿಗೆ ಹೇಳುವ ಕೆಲಸ ನನಗೆ ಉಳಿಯಲಿಲ್ಲ. ಈಗ ನಮ್ಮ ಸುತ್ತಿನ ಇಪ್ಪತ್ತು-ಮೂವತ್ತು ಎಕರೆಯಲ್ಲಿ ಔಷಧಿ ಏನಿದ್ದರೂ ಹೊತ್ತು ಮುಳುಗಿದ ಮೇಲೆ.

ಕುಂಬಳ ಎಕರೆಗೆ ಏಳೆಂಟು ಟನ್ ಬರುತ್ತಿದ್ದದ್ದು ಈ ಸಲ ಹನ್ನೊಂದರ ಹತ್ತಿರ ಹೋಯಿತು, ಸೌತೆಯಲ್ಲಿ ಸೊಟ್ಟ ಕಾಯಿ ಕಡಿಮೆಯಾಯಿತು. ಜೇನುತುಪ್ಪದಿಂದ ಪೆಟ್ಟಿಗೆಯ ದುಡ್ಡು ಇನ್ನೂ ಹುಟ್ಟಿಲ್ಲ. ಕುಂಬಳ ಅದನ್ನು ತೀರಿಸಿತು.

ನಡುವೆ ಬಿದಿರಿನ ತುಂಡುಗಳನ್ನು ಕಟ್ಟಿ, ಗುಂಪಾಗಿರದೆ ಒಂದೊಂದೇ ಗೂಡು ಮಾಡುವ ಒಂಟಿ ಜೇನುಗಳಿಗೆ ಗೂಡು ಮಾಡಿದೆ, ಇರುವೆಗಳು ಸೇರಿಕೊಂಡವು. ಬದುವಿನ ಉಳುಮೆ ಮಾಡದ ಮಣ್ಣಿನಲ್ಲಿ ಮಾತ್ರ ಆ ಜೇನುಗಳು ತಾವಾಗಿಯೇ ತೂತು ಕೊರೆದುಕೊಂಡಿವೆ. ಹೀರೆ ಹಾಕುವವರಿಗೆ ಒಂದು ಮಾತು: ಅದರ ಹೂ ಅರಳುವುದೇ ಸಂಜೆ, ನಮ್ಮ ಕುಂಬಳದ ನಿಯಮ ಅಲ್ಲಿ ನಡೆಯುವುದಿಲ್ಲ. ಆ ಸಾಲುಗಳಿಗೆ ಬೆಳಿಗ್ಗೆ ಹೂ ಮುದುಡಿದ ಮೇಲೆ, ಅದೂ ಬೇವಿನೆಣ್ಣೆ ಮಾತ್ರ ಹೊಡೆಯುತ್ತಿದ್ದೇನೆ.