ಮುಳ್ಳು ನಂಬೋ ಮುಂಚೆ: ಇಂಜಿನ್ ಟೆಂಪರೇಚರ್ ಸೆನ್ಸರ್ ಹುಡುಕೋದು, ಚೆಕ್ ಮಾಡೋದು

ಬೆಳಿಗ್ಗೆ ಕಾರು ಸ್ಟಾರ್ಟ್ ಆಗೋಕೆ ಸತಾಯಿಸತ್ತೆ, ಮೈಲೇಜ್ ಬಿದ್ದೋಗಿದೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಇಲ್ಲಾಂದ್ರೆ ಇಂಜಿನ್ ಇನ್ನೂ ತಣ್ಣಗಿರೋವಾಗ್ಲೇ ರೇಡಿಯೇಟರ್ ಫ್ಯಾನ್ ಬರ್ರ್ ಅಂತ ಫುಲ್ ಸ್ಪೀಡಲ್ಲಿ ಓಡೋಕೆ ಶುರು ಮಾಡತ್ತೆ. ಇಂಥದ್ದು ಹೇಳಿದ್ರೆ ಯಾರಾದ್ರೂ ಒಬ್ರು "ಟೆಂಪರೇಚರ್ ಸೆನ್ಸರ್ ಹೋಗಿದೆ, ಚೇಂಜ್ ಮಾಡ್ಸಿ" ಅಂದೇ ಅಂತಾರೆ. ಹೋಗಿರಬಹುದು, ಇಲ್ಲ ಅಂತಲ್ಲ. ಆದ್ರೆ ನಾನು ಒಂದ್ಸಲ ಈ ಮಾತು ಕೇಳಿ ಸೆನ್ಸರ್ ಹಾಕ್ಸಿದೆ, ಸರಿ ಹೋಗಿಲ್ಲ, "ಪೀಸೇ ಡಿಫೆಕ್ಟ್ ಇರಬೇಕು" ಅಂತ ಇನ್ನೊಂದೂ ಹಾಕ್ಸಿದೆ, ಕೊನೆಗೆ ನೋಡಿದ್ರೆ ಕನೆಕ್ಟರ್ ಒಳಗೆ ಒಂದು ಪಿನ್ ಹಸಿರು ಕಿಲುಬು ಹಿಡಿದು ಕೂತಿತ್ತು. ಸ್ವಲ್ಪ ಉಜ್ಜಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಮುಗಿಯೋ ಕೆಲಸ. ಅವತ್ತಿಂದ ಮೊದ್ಲು ಚೆಕ್ಕು, ಆಮೇಲೆ ಸ್ಪ್ಯಾನರು.

ಮೊದ್ಲು ಯಾವ ಸೆನ್ಸರ್ ಬಗ್ಗೆ ಮಾತಾಡ್ತಿದೀವಿ ಅನ್ನೋದು ಕ್ಲಿಯರ್ ಇರ್ಲಿ, ಯಾಕಂದ್ರೆ ಕಾರಲ್ಲಿ ಬಿಸಿ ಅಳೆಯೋ ಸೆನ್ಸರ್ ಒಂದೇ ಇರಲ್ಲ. ಒಳಗೆ ಬರೋ ಗಾಳಿದು ಒಂದು, ಅದು ಏರ್ ಫಿಲ್ಟರ್ ಪೈಪಲ್ಲೋ ಇಂಟೇಕ್ ಮ್ಯಾನಿಫೋಲ್ಡಲ್ಲೋ ಇರತ್ತೆ. ಹೊರಗಿನ ಹವಾ ಅಳೆಯೋದು ಸಾಮಾನ್ಯವಾಗಿ ಮುಂದಿನ ಬಂಪರ್ ಹಿಂದೆ. ಕೆಲವು ಕಾರಲ್ಲಿ ಆಯಿಲ್‌ಗೆ ಬೇರೆ ಇರತ್ತೆ, ಈಗಿನ ಡೀಸೆಲ್‌ಗಳಲ್ಲಿ ಎಕ್ಸಾಸ್ಟ್ ಪೈಪಿಗೂ ಇರತ್ತೆ. ಆದ್ರೆ ಜನ ಇಂಜಿನ್ ಟೆಂಪರೇಚರ್ ಸೆನ್ಸರ್ ಅಂದ್ರೆ ಕೂಲೆಂಟ್ ಸೆನ್ಸರ್‌ನೇ ಹೇಳೋದು, ಇಂಜಿನ್ ತಣ್ಣಗಿಡೋಕೆ ಅದರೊಳಗೆ ಓಡಾಡೋ ಕೂಲೆಂಟ್ ದ್ರವದಲ್ಲಿ ಮೂತಿ ಮುಳುಗಿಸ್ಕೊಂಡು ಕೂತಿರೋದು. ನಾನು ಹೇಳ್ತಿರೋದೂ ಅದನ್ನೇ.

ಒಳಗೆ ದೊಡ್ಡ ವಿಜ್ಞಾನ ಏನಿಲ್ಲ. ಹಿತ್ತಾಳೆ ಇಲ್ಲಾ ಪ್ಲಾಸ್ಟಿಕ್ ಕವಚ, ಅದರೊಳಗೆ ಥರ್ಮಿಸ್ಟರ್ ಅನ್ನೋ ಒಂದು ಪುಟ್ಟ ಚೂರು, ಬಿಸಿ ಏರ್ತಾ ಹೋದಂಗೆ ಅದರ ರೆಸಿಸ್ಟೆನ್ಸ್ ಇಳೀತಾ ಹೋಗತ್ತೆ. ಬಹಳಷ್ಟು ಕಾರಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 3.5 ಕಿಲೋ ಓಮ್, 80 ಡಿಗ್ರಿಗೆ ಬರೋವಷ್ಟರಲ್ಲಿ ಸುಮಾರು 300 ಓಮ್, 100 ಡಿಗ್ರಿಗೆ 200ಕ್ಕಿಂತ ಕಮ್ಮಿ. ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಈ ವೈರಿಗೆ 5 ವೋಲ್ಟ್ ಕಳ್ಸಿ ಎಷ್ಟು ವೋಲ್ಟ್ ಉಳೀತು ಅಂತ ನೋಡತ್ತೆ, ಜಾಸ್ತಿ ಉಳಿದ್ರೆ ಇಂಜಿನ್ ತಣ್ಣಗಿದೆ, ಕಮ್ಮಿ ಉಳಿದ್ರೆ ಬಿಸಿ ಇದೆ. ಇಷ್ಟೇ ಲೆಕ್ಕ. ಇದೊಂದು ತಲೇಲಿ ಇಟ್ಕೊಂಡ್ರೆ ಮುಂದಿನ ಟೆಸ್ಟೆಲ್ಲ ತಾನಾಗೇ ಅರ್ಥ ಆಗತ್ತೆ: ವೈರ್ ಕಟ್ ಆದ್ರೆ ಇಸಿಯುಗೆ ಪೂರ್ತಿ 5 ವೋಲ್ಟ್ ಕಾಣತ್ತೆ, ಅಂದ್ರೆ ಹಿಮದಲ್ಲಿ ನಿಂತಿರೋ ಕಾರು, ಎರಡು ವೈರ್ ಒಂದಕ್ಕೊಂದು ತಗುಲಿದ್ರೆ ಸೊನ್ನೆ ವೋಲ್ಟ್, ಅಂದ್ರೆ ಕುದಿದು ಉಕ್ಕೋ ಕಾರು.

ಈಗ ಹುಡುಕೋದು. ರೇಡಿಯೇಟರ್ ಮೇಲ್ಭಾಗದಿಂದ ಒಂದು ದಪ್ಪ ರಬ್ಬರ್ ಹೋಸ್ ಇಂಜಿನ್ ಕಡೆ ಹೋಗತ್ತಲ್ಲ, ಅದನ್ನೇ ಹಿಡ್ಕೊಂಡು ಹೋಗಿ. ಅದು ಇಂಜಿನ್‌ಗೆ ಸೇರೋ ಜಾಗದಲ್ಲಿ ಅಲ್ಯೂಮಿನಿಯಂ ಇಲ್ಲಾ ಕಪ್ಪು ಪ್ಲಾಸ್ಟಿಕ್‌ನ ಒಂದು ಹೌಸಿಂಗ್ ಇರತ್ತೆ, ಎಷ್ಟೋ ಕಾರಲ್ಲಿ ಥರ್ಮೋಸ್ಟ್ಯಾಟ್ (ಬಿಸಿ ಆದಾಗ ತೆರೆದು ಕೂಲೆಂಟ್‌ನ ರೇಡಿಯೇಟರ್‌ಗೆ ಬಿಡೋ ವಾಲ್ವ್) ಕೂತಿರೋದೂ ಅಲ್ಲೇ, ಅದರ ಮೇಲೋ ಪಕ್ಕದಲ್ಲೋ ಹೆಬ್ಬೆರಳ ಗಾತ್ರದ ಸೆನ್ಸರ್, ಎರಡು ವೈರಿನ ಸಣ್ಣ ಪ್ಲಗ್ ಸಮೇತ ಸಿಗತ್ತೆ. ಅಲ್ಲಿಲ್ಲ ಅಂದ್ರೆ ಸಿಲಿಂಡರ್ ಹೆಡ್‌ನ ಒಂದು ತುದಿ ನೋಡಿ, ಗೇರ್‌ಬಾಕ್ಸ್ ಕಡೆ ಇರೋ ತುದೀಲಿ ತುಂಬ ಸಲ ಅಡಗಿಸಿಟ್ಟಿರ್ತಾರೆ, ಬ್ಯಾಟರಿ ಇಲ್ಲಾ ಏರ್ ಫಿಲ್ಟರ್ ಬಾಕ್ಸ್ ತೆಗೆಯೋವರೆಗೂ ಕಾಣಲ್ಲ. ಫೋನ್ ಕ್ಯಾಮೆರಾ ಟಾರ್ಚ್ ಆನ್ ಮಾಡಿ ಸಂದಿಗೆ ತೂರಿಸಿ ವಿಡಿಯೋ ತೆಗೀರಿ, ಕುತ್ತಿಗೆ ಉಳುಕಿಸ್ಕೊಳ್ಳೋದು ತಪ್ಪತ್ತೆ. ಕೆಲವು ಕಾರಲ್ಲಿ ಎರಡನೇದೊಂದು ರೇಡಿಯೇಟರ್ ಕೆಳಭಾಗದಲ್ಲಿರತ್ತೆ, ತಣ್ಣಗಾಗಿ ವಾಪಸ್ ಹೋಗೋ ಕೂಲೆಂಟ್ ಎಷ್ಟು ಬಿಸಿ ಇದೆ ಅಂತ ನೋಡೋಕೆ.

ಹಳೇ ಕಾರಾದ್ರೆ ಇನ್ನೊಂದು ಗೊಂದಲ ಇದೆ. ಅದರಲ್ಲಿ ಇಸಿಯುಗೆ ಎರಡು ವೈರಿಂದು ಒಂದು, ಡ್ಯಾಶ್‌ಬೋರ್ಡಲ್ಲಿ ಬಿಸಿ ತೋರ್ಸೋ ಮುಳ್ಳಿಗೆ ಅಂತಾನೇ ಒಂದೇ ವೈರಿಂದು ಬೇರೆ, ಅದರ ಮೇಲೆ ಫ್ಯಾನ್ ಆನ್ ಮಾಡೋಕೆ ರೇಡಿಯೇಟರ್‌ನಲ್ಲಿ ಒಂದು ಸ್ವಿಚ್ಚು ಬೇರೆ. ಮುಳ್ಳು ಸರಿಯಾಗೇ ಇದೆ ಆದ್ರೂ ಇಂಜಿನ್ ಹೊಗೆ ಬಿಡತ್ತೆ ಅಂದ್ರೆ ಆಶ್ಚರ್ಯ ಇಲ್ಲ, ಎರಡೂ ಬೇರೆ ಬೇರೆ ಸೆನ್ಸರ್. ಆಯಿಲ್ ಫಿಲ್ಟರ್ ಹತ್ರ ಒಂದು ವೈರಿಂದು ಕಂಡ್ರೆ ಅದನ್ನ ಬಿಚ್ಚೋಕೆ ಹೋಗ್ಬೇಡಿ, ಅದು ಹೆಚ್ಚಾಗಿ ಆಯಿಲ್ ಪ್ರೆಶರ್ ಸ್ವಿಚ್ ಆಗಿರತ್ತೆ.

ಇನ್ನು ಮುಳ್ಳಿನ ವಿಷಯ. ಈಗಿನ ಎಷ್ಟೋ ಕಾರಲ್ಲಿ ಮುಳ್ಳು ಇರೋದನ್ನ ಇದ್ದಂಗೆ ತೋರ್ಸಲ್ಲ. ಕೂಲೆಂಟ್ 80 ಇದ್ರೂ ನಟ್ಟನಡುವೆ, 100 ಆದ್ರೂ ನಟ್ಟನಡುವೆ, ಬೇಕಂತಾನೇ ಹಂಗೆ ಪ್ರೋಗ್ರಾಂ ಮಾಡಿರ್ತಾರೆ, ಟ್ರಾಫಿಕ್‌ನಲ್ಲಿ ಮುಳ್ಳು ಸ್ವಲ್ಪ ಅಲುಗಾಡಿದ್ರೂ ಜನ ಗಾಬರಿ ಆಗ್ತಾರಲ್ಲ ಅಂತ. ಮುಳ್ಳು ಮೇಲೆ ಏರೋಕೆ ಶುರುವಾಗೋ ಹೊತ್ತಿಗೆ ಮ್ಯಾಟರ್ ಆಗ್ಲೇ ಸೀರಿಯಸ್ ಆಗಿರತ್ತೆ. ಅದಕ್ಕೇ ಒಂದು ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್‌ನ ಲೆಕ್ಕ ಫೋನಿಗೆ ಕಳ್ಸೋ ಪುಟ್ಟ ಸಾಧನ) ಇಟ್ಕೊಳ್ಳೋದು ಒಳ್ಳೇದು, ಸ್ಟೀರಿಂಗ್ ಕೆಳಗಿರೋ ಪೋರ್ಟ್‌ಗೆ ಚುಚ್ಚಿ ಫೋನಲ್ಲೇ ಕೂಲೆಂಟ್ ಎಷ್ಟು ಡಿಗ್ರಿ ಅಂತ ನಂಬರ್ ನೋಡಬಹುದು.

ಡಾಂಗಲ್ ಇದ್ರೆ ಅತ್ಯಂತ ಸುಲಭದ ಟೆಸ್ಟ್ ಇದು, ನನಗೆ ಬಾಳ ಇಷ್ಟ, ಯಾಕಂದ್ರೆ ಒಂದು ನಟ್ಟೂ ಮುಟ್ಟೋ ಹಾಗಿಲ್ಲ. ರಾತ್ರಿ ಪೂರ್ತಿ ನಿಂತ ಕಾರಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡದೇ ಬರೀ ಇಗ್ನಿಷನ್ ಆನ್ ಮಾಡಿ, ಕೂಲೆಂಟ್ ಟೆಂಪರೇಚರ್ ಮತ್ತೆ ಇಂಟೇಕ್ ಗಾಳಿ ಟೆಂಪರೇಚರ್ ಎರಡನ್ನೂ ನೋಡಿ. ಇಡೀ ಇಂಜಿನ್ ಒಂದೇ ಹದಕ್ಕೆ ಬಂದಿರೋದ್ರಿಂದ ಎರಡೂ ಹೆಚ್ಚುಕಮ್ಮಿ ಒಂದೇ ಇರ್ಬೇಕು, ಎರಡು ಮೂರು ಡಿಗ್ರಿ ಆಚೆ ಈಚೆ ಪರ್ವಾಗಿಲ್ಲ. ಗಾಳಿ 24, ಕೂಲೆಂಟ್ 51 ಅಂತ ತೋರ್ಸಿದ್ರೆ ಯಾವುದೋ ಒಂದು ಸುಳ್ಳು ಹೇಳ್ತಿದೆ, ಹೊರಗಿನ ಹವಾ ಎಷ್ಟಿದೆ ನೋಡಿದ್ರೆ ಯಾವುದು ಅಂತ ಗೊತ್ತಾಗೋಗತ್ತೆ. ಆಮೇಲೆ ಸ್ಟಾರ್ಟ್ ಮಾಡಿ ನಂಬರ್ ನೋಡ್ತಾ ಕೂರಿ, ಮೆಲ್ಲಗೆ ಒಂದೇ ಸಮ ಏರ್ಬೇಕು, ಥರ್ಮೋಸ್ಟ್ಯಾಟ್ ತೆರೆಯೋ 82–92ರ ಹತ್ರ ಬಂದು ನಿಧಾನ ಆಗ್ಬೇಕು, ನಿಂತಲ್ಲೇ ಬಿಟ್ರೆ ಇನ್ನೂ ಸ್ವಲ್ಪ ಏರಿ ಫ್ಯಾನ್ ಆನ್ ಆಗ್ಬೇಕು. ಮಧ್ಯದಲ್ಲಿ 60ರಿಂದ ಒಮ್ಮೆಲೇ 20ಕ್ಕೆ ಬಿದ್ದು ಮತ್ತೆ 60ಕ್ಕೆ ಹಾರಿದ್ರೆ ಅದು ಬಿಸಿಯಲ್ಲ, ವೈರಿನ ಲೂಸ್ ಕಾಂಟ್ಯಾಕ್ಟು. ಕೂಲೆಂಟ್ ಅಷ್ಟು ಬೇಗ ತಣ್ಣಗಾಗೋಕೆ ಸಾಧ್ಯನೇ ಇಲ್ಲ.

ಮುಂದಿನ ಹೆಜ್ಜೆ: ಸೆನ್ಸರ್ ಹೋಗಿದ್ಯಾ ವೈರ್ ಹೋಗಿದ್ಯಾ. ಇಂಜಿನ್ ಆಫ್, ಇಗ್ನಿಷನ್ ಆನ್, ಸೆನ್ಸರ್ ಪ್ಲಗ್ ಎಳೀರಿ. ಫೋನಲ್ಲಿ ಮೈನಸ್ 40 ಬರ್ಬೇಕು. (ಯಾಕೆ ಸರಿಯಾಗಿ ಮೈನಸ್ 40 ಅಂದ್ರೆ, ಓಬಿಡಿಯಲ್ಲಿ ಈ ನಂಬರ್ ಒಂದೇ ಬೈಟ್‌ನಲ್ಲಿ ಬರತ್ತೆ, 0ರಿಂದ 255, ಅದರಿಂದ 40 ಕಳೆದ್ರೆ ಡಿಗ್ರಿ. ಸೊನ್ನೆ ಅಂದ್ರೆ ಮೈನಸ್ 40, ಅದಕ್ಕಿಂತ ಕೆಳಗೆ ತೋರ್ಸೋಕೆ ಜಾಗನೇ ಇಲ್ಲ.) ಈಗ ವೈರ್ ಕಡೆ ಪ್ಲಗ್‌ನ ಎರಡು ಪಿನ್‌ಗೂ ಒಂದು ಸಣ್ಣ ವೈರ್ ತುಂಡು ಸೇರ್ಸಿ, ನಂಬರ್ ಸರ್ರ್ ಅಂತ ನೂರರ ಮೇಲೆಲ್ಲೋ ಹೋಗ್ಬೇಕು. ಎರಡೂ ಆಯ್ತು ಅಂದ್ರೆ ವೈರಿಂಗು, ಇಸಿಯು ಎರಡೂ ಚೆನ್ನಾಗಿವೆ, ತಪ್ಪು ಸೆನ್ಸರ್‌ದೇ. ಆಗ್ಲಿಲ್ಲ ಅಂದ್ರೆ ಹೊಸ ಸೆನ್ಸರ್ ತಗೊಂಡು ಏನೂ ಪ್ರಯೋಜನ ಇಲ್ಲ, ವೈರ್ ಹುಡುಕಿ. ಕೆಲವು ಇಸಿಯುಗಳು ಜಾಣ, ಪ್ಲಗ್ ಎಳೆದ ತಕ್ಷಣ ತಾವೇ ಒಂದು ಡೀಫಾಲ್ಟ್ ನಂಬರ್ ಹಾಕ್ಕೊಂಡು ಫ್ಯಾನ್ ಓಡಿಸ್ಬಿಡ್ತವೆ, ಅಂಥ ಕಾರಲ್ಲಿ ಡಿಗ್ರಿ ನಂಬೋ ಬದ್ಲು ಇಸಿಯು ದಾಖಲಿಸೋ ಫಾಲ್ಟ್ ಕೋಡ್ ಅದೇ ಫೋನಲ್ಲಿ ನೋಡಿ, ಪ್ಲಗ್ ಎಳೆದಾಗ ಪಿ0118, ಪಿನ್ ಸೇರ್ಸಿದಾಗ ಪಿ0117. ಒಂದು ಎಚ್ಚರಿಕೆ, ಪಿನ್ ಸೇರ್ಸೋದು ಎರಡು ವೈರಿನ ಸೆನ್ಸರ್‌ಗೆ ಮಾತ್ರ, ಮೂರು ನಾಲ್ಕು ಪಿನ್ ಇದ್ರೆ ಕೈ ಹಾಕ್ಬೇಡಿ. ಟೆಸ್ಟ್ ಮುಗಿದ ಮೇಲೆ ಕೋಡ್ ಕ್ಲಿಯರ್ ಮಾಡೋದು ಮರೀಬೇಡಿ.

ಡಾಂಗಲ್ ಇಲ್ದೇ ಇದ್ರೆ ಮಲ್ಟಿಮೀಟರ್ ಸಾಕು, ತಣ್ಣಗಿರೋವಾಗ ಒಂದ್ಸಲ, ಬಿಸಿ ಆದ್ಮೇಲೆ ಒಂದ್ಸಲ ಸೆನ್ಸರ್ ಪಿನ್‌ಗಳ ನಡುವೆ ಓಮ್ ಅಳೀರಿ, ಮೇಲೆ ಹೇಳಿದ ಲೆಕ್ಕದ ಆಸುಪಾಸು ಬರ್ಬೇಕು.

ಸೆನ್ಸರ್ ಚೆನ್ನಾಗಿದ್ದೂ ತಪ್ಪು ತೋರ್ಸೋದು ಉಂಟು. ಅದಕ್ಕೆ ಗೊತ್ತಿರೋದು ತನ್ನ ಮೂತಿಗೆ ತಾಗಿರೋದರ ಬಿಸಿ ಮಾತ್ರ. ಕೂಲೆಂಟ್ ಸೋರಿ ಕಮ್ಮಿ ಆಗಿ ಸೆನ್ಸರ್ ಗಾಳಿಯಲ್ಲಿ ನೇತಾಡ್ತಿದ್ರೆ, ಇಂಜಿನ್ ಒಳಗೆ ಬೇಯ್ತಾ ಇದ್ರೂ ಮುಳ್ಳು ಆರಾಮಾಗಿ ಕೆಳಗೇ ಇರಬಹುದು. ಹೀಟರ್ ಆನ್ ಮಾಡಿದ್ರೆ ಬಿಸಿ ಗಾಳಿ ಬರ್ತಿಲ್ಲ, ಮುಳ್ಳು ಮಾತ್ರ ನಾರ್ಮಲ್, ಅಂದ್ರೆ ಗಾಡಿ ನಿಲ್ಸಿ ಮೊದ್ಲು ಇದನ್ನೇ ಅನುಮಾನ ಪಡಿ. ಇದರ ಉಲ್ಟಾ ಪಿ0128 ಕೋಡ್, ಇಂಜಿನ್ ಬಿಸಿ ಆಗೋಕೆ ತೀರಾ ತಡ ಮಾಡ್ತಿದೆ ಅಂತ ಅರ್ಥ, ಅದಕ್ಕೆ ಕಾರಣ ಬಹಳ ಸಲ ತೆರೆದೇ ಇರೋ ಥರ್ಮೋಸ್ಟ್ಯಾಟು, ಪಾಪ ಬೈಗುಳ ಸೆನ್ಸರ್‌ಗೆ.

ಬದಲಾಯಿಸ್ಲೇಬೇಕು ಅಂತಾದ್ರೆ ಇಂಜಿನ್ ಪೂರ್ತಿ ತಣ್ಣಗಾಗೋವರೆಗೂ ಕಾಯ್ರಿ. ಒಳಗೆ ಪ್ರೆಶರ್ ಇರತ್ತೆ, ರೇಡಿಯೇಟರ್‌ಗೆ 15 ಪಿಎಸ್‌ಐ ಪ್ರೆಶರ್ ತಡೆಯೋ ಕ್ಯಾಪ್ ಇದ್ರೆ ಅರ್ಧ ನೀರು ಅರ್ಧ ಗ್ಲೈಕಾಲ್ ಮಿಶ್ರಣ 125 ಡಿಗ್ರಿ ದಾಟಿದ ಮೇಲೇನೇ ಕುದಿಯೋದು, ಬಿಸಿ ಇರೋವಾಗ ಕ್ಯಾಪ್ ತೆಗೆದ್ರೆ ಅದೆಲ್ಲ ಮುಖಕ್ಕೇ ಎರಚತ್ತೆ. ತಣ್ಣಗಾದ ಮೇಲೆ ಕ್ಯಾಪ್ ಒಮ್ಮೆ ತೆಗೆದು ಮತ್ತೆ ಬಿಗಿ ಮಾಡಿ, ಹಂಗೆ ಮಾಡಿದ್ರೆ ಸೆನ್ಸರ್ ಬಿಚ್ಚಿದಾಗ ಕೂಲೆಂಟ್ ಕಮ್ಮಿ ಸುರಿಯತ್ತೆ. ಹೊಸದನ್ನ ಕೈಗೆ ಸಿಗೋ ಹಾಗೆ ಪಕ್ಕದಲ್ಲೇ ಇಟ್ಕೊಂಡು ಹಳೇದು ತೆಗೆದ ಕೂಡ್ಲೇ ತೂರಿಸ್ಬಿಡಿ. ಥ್ರೆಡ್ ಇರೋದಾದ್ರೆ ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗ್ಸಿ, ಆಮೇಲೆ ಡೀಪ್ ಸಾಕೆಟ್, ಅಲ್ಯೂಮಿನಿಯಂ ಥ್ರೆಡ್ ಮೇಲೆ ಪೌರುಷ ತೋರ್ಸಬೇಡಿ. ಕ್ಲಿಪ್ ಇರೋದಾದ್ರೆ ಹಳೇ ಓ ರಿಂಗ್ (ಸೋರದಂತೆ ತಡೆಯೋ ರಬ್ಬರ್ ಬಳೆ) ಒಳಗೇ ಅಂಟ್ಕೊಂಡಿದ್ಯಾ ಅಂತ ಬೆರಳು ಹಾಕಿ ನೋಡಿ. ಒಂದೇ ವೈರಿನ ಸೆನ್ಸರ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದು ಅರ್ಥ್ ತಗೊಳ್ಳೋದೇ ತನ್ನ ಮೈಯಿಂದ. ನೆಲಕ್ಕೆ ಚೆಲ್ಲಿದ ಕೂಲೆಂಟ್ ತೊಳೆದುಬಿಡಿ, ಸಿಹಿ ಇರತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಜೀವಕ್ಕೇ ಅಪಾಯ.

ಕೊನೇಲಿ ಮೊದ್ಲು ಇದ್ದ ಥರದ್ದೇ ಕೂಲೆಂಟ್ ತುಂಬಿಸಿ, ಬ್ಲೀಡ್ ಸ್ಕ್ರೂ ಇದ್ರೆ ಅದರಿಂದ ಗಾಳಿ ಬಿಡಿ, ಹೀಟರ್ ಫುಲ್ ಬಿಸಿಗೆ ಇಟ್ಟು ಫ್ಯಾನ್ ಒಂದೆರಡು ಸಲ ಆನ್ ಆಫ್ ಆಗೋವರೆಗೂ ಓಡ್ಸಿ. ಮಾರನೇ ದಿನ ಬೆಳಿಗ್ಗೆ ತಣ್ಣಗಿರೋವಾಗ ಲೆವೆಲ್ ಮತ್ತೆ ನೋಡಿ, ಸ್ವಲ್ಪ ಇಳಿದಿರತ್ತೆ, ತುಂಬಿಸಿ, ಹಂಗೇ ಕೂಲೆಂಟ್, ಇಂಟೇಕ್ ಗಾಳಿ, ಆ ಎರಡು ನಂಬರ್ ಇನ್ನೊಂದ್ಸಲ ಪಕ್ಕಪಕ್ಕ ಇಟ್ಟು ನೋಡ್ಬಿಡಿ.